ಆಕ್ಯುಪೇಷನಲ್ ಥೆರಪಿಗೆ ಹೊರಡುವ ಮುನ್ನ: ರೋಗಿ, ಮನೆಯವರು, ಥೆರಪಿಸ್ಟ್ ಕೂಡಿ ದುಡಿಯುವ ಬಗೆ

ಆಸ್ಪತ್ರೆಯ ಗೋಡೆಯ ಮೇಲೆ ‘ದಯವಿಟ್ಟು ಸಹಕರಿಸಿ’ ಎಂದು ಬರೆದಿದ್ದರೆ ಅದರ ಅರ್ಥ ನಮಗೆಲ್ಲ ಗೊತ್ತು. ಸಾಲಿನಲ್ಲಿ ನಿಲ್ಲಿ, ಮಾತನಾಡಬೇಡಿ, ಹೇಳಿದಷ್ಟು ಮಾಡಿ. ನನ್ನ ಸೋದರಮಾವನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದಾಗ ನಾವೆಲ್ಲ ಈ ಅರ್ಥದಲ್ಲಿ ಬಹಳ ಚೆನ್ನಾಗಿ ಸಹಕರಿಸಿದೆವು. ಮೊದಲು ಹೋದ ಕಡೆ ಒಂದು ಜೆರಾಕ್ಸ್ ಹಾಳೆಯನ್ನೂ ಒಂದು ರಬ್ಬರ್ ಚೆಂಡನ್ನೂ ಕೊಟ್ಟು, ದಿನಕ್ಕೆ ನೂರು ಸಲ ಹಿಸುಕಿಸಿ ಎಂದರು. ಹಿಸುಕಿಸಿದೆವು. ಎರಡು ತಿಂಗಳಾಗುವ ಹೊತ್ತಿಗೆ ಮಾವ ಆ ಚೆಂಡನ್ನು ಕಿಟಕಿಯಿಂದ ಹೊರಗೆ ಎಸೆದರು. ಎಸೆದದ್ದು ಬಲಗೈಯಿಂದ, ಆ ಕೈಗೆ ಮೊದಲಿನಿಂದಲೂ ಏನೂ ಆಗಿರಲಿಲ್ಲ.

ಆಮೇಲೆ ಸಿಕ್ಕ ಥೆರಪಿಸ್ಟ್ ಒಬ್ಬರಿಂದ ಸಹಕಾರ ಎಂಬ ಮಾತಿನ ಇನ್ನೊಂದು ಅರ್ಥ ಕಲಿತೆವು. ನಮ್ಮ ಹಳ್ಳಿಗಳಲ್ಲಿ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂದು ದುಡಿಯುವ ಮುಯ್ಯಾಳು ಪದ್ಧತಿ ಇದೆಯಲ್ಲ, ಅದಕ್ಕೆ ಹತ್ತಿರದ್ದು. ಮುಯ್ಯಿಗೆ ಬಂದವನು ಎಷ್ಟೇ ನುರಿತ ಕೆಲಸಗಾರನಾಗಿರಲಿ, ಇವತ್ತು ಕಳೆ ತೆಗೆಯಬೇಕೋ ಕೊಯ್ಲು ಮಾಡಬೇಕೋ ಎಂದು ಹೇಳುವವನು ಹೊಲದ ಒಡೆಯ. ಇಲ್ಲಿ ಹೊಲದ ಒಡೆಯ ರೋಗಿ. ಮನೆಯವರೂ ಮುಯ್ಯಾಳುಗಳೇ ಎಂಬುದು ನಮಗೆ ಬಹಳ ತಡವಾಗಿ ಹೊಳೆಯಿತು. ಮನೆಯಲ್ಲಿ ಯಾರಾದರೂ ಪಾರ್ಶ್ವವಾಯುವಿನಿಂದ, ಅಪಘಾತದಿಂದ ಅಥವಾ ಹುಟ್ಟಿನಿಂದಲೇ ದಿನದ ಕೆಲಸಗಳಿಗೆ ತೊಡಕಾಗಿ ಥೆರಪಿಗೆ ಹೋಗಬೇಕಾಗಿದ್ದರೆ, ನಾವು ಎಡವಿದ ಜಾಗಗಳಲ್ಲಿ ನೀವು ಎಡವಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ

ಆಕ್ಯುಪೇಷನಲ್ ಥೆರಪಿಯನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಅನುವಾದಿಸುವುದುಂಟು. ಅದನ್ನು ಕೇಳಿದ ಪಕ್ಕದ ಮನೆಯವರು, ‘ಈ ವಯಸ್ಸಿನಲ್ಲಿ ಯಜಮಾನರನ್ನು ಯಾವ ಕೆಲಸಕ್ಕೆ ಸೇರಿಸುತ್ತೀರಿ?’ ಎಂದು ಕೇಳಿದರು. ಇಲ್ಲಿ ಆಕ್ಯುಪೇಷನ್ ಎಂದರೆ ಸಂಬಳದ ಉದ್ಯೋಗವಷ್ಟೇ ಅಲ್ಲ. ಹಲ್ಲುಜ್ಜುವುದು, ಸ್ನಾನ, ಉಣ್ಣುವುದು, ಪೂಜೆ, ಅಡುಗೆ, ಮಕ್ಕಳ ಆಟ, ಸಂತೆಗೆ ಹೋಗಿ ಬರುವುದು, ಹೀಗೆ ಒಬ್ಬರ ದಿನವನ್ನು ತುಂಬುವ ಎಲ್ಲ ಕೆಲಸಗಳೂ ಸೇರುತ್ತವೆ. ನಮ್ಮ ಕಡೆಯವರಿಗೆ ‘ಕಾಯಕ ಚಿಕಿತ್ಸೆ’ ಎಂದರೆ ಥಟ್ಟನೆ ಅರ್ಥವಾಗುತ್ತಿತ್ತೇನೋ. ಆದರೆ ಆಯುರ್ವೇದದಲ್ಲಿ ಕಾಯಚಿಕಿತ್ಸೆ ಎಂಬ ಬೇರೆಯೇ ವಿಭಾಗವಿದೆ, ಇನ್ನೊಂದು ಗೊಂದಲ ಹುಟ್ಟುತ್ತದೆ. ಇಂಗ್ಲಿಷ್ ಹೆಸರೇ ಇರಲಿ.

ಫಿಸಿಯೊಥೆರಪಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಒರಟಾಗಿ ಹೀಗೆ ಹೇಳಬಹುದು: ಕಾಲಿಗೆ ಬಲ ತುಂಬಿ ನಡೆಸುವ ಕಡೆಗೆ ಫಿಸಿಯೊ ಹೆಚ್ಚು ಗಮನ ಕೊಡುತ್ತದೆ, ನಡೆದು ಬಚ್ಚಲಿಗೆ ಹೋದವರು ಅಲ್ಲಿ ಸ್ನಾನ ಹೇಗೆ ಮಾಡುತ್ತಾರೆ ಎಂಬುದನ್ನು ಆಕ್ಯುಪೇಷನಲ್ ಥೆರಪಿ ಕೇಳುತ್ತದೆ. ಎರಡೂ ಬೇಕು, ಎರಡರ ಗಡಿ ಅಲ್ಲಲ್ಲಿ ಬೆರೆಯುತ್ತದೆ.

1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಈ ವೃತ್ತಿಯ ಮೊದಲ ಸಂಘ ಕಟ್ಟಿದವರಲ್ಲಿ ಜಾರ್ಜ್ ಬಾರ್ಟನ್ ಒಬ್ಬರು. ಅವರು ವೈದ್ಯರಲ್ಲ, ಕಟ್ಟಡಗಳ ವಾಸ್ತುಶಿಲ್ಪಿ. ಕ್ಷಯದಿಂದ ನರಳಿ, ಮುಂದೆ ದೇಹದ ಎಡಭಾಗದ ಸ್ವಾಧೀನ ಕಳೆದುಕೊಂಡು, ತಮ್ಮ ಕೈಕಾಲನ್ನು ತಾವೇ ಕೆಲಸಕ್ಕೆ ಹಚ್ಚಿ ಚೇತರಿಸಿಕೊಂಡವರು. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಆರಂಭಿಸಿದರು. ಬಾರ್ಟನ್ ಅವರ ಕಥೆಯನ್ನು ಮಾವನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅವನಿಗೂ ಚೆಂಡು ಕೊಟ್ಟಿದ್ದರೇನು?’

ಹೆಜ್ಜೆ 1: ಒಂದು ದಿನವನ್ನು ಬರೆದುಕೊಂಡು ಹೋಗಿ

ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಪಟ್ಟಿ ಹೇಗೂ ಒಯ್ಯುತ್ತೀರಿ. ಅದರ ಜೊತೆಗೆ ಒಂದು ಹಾಳೆಯಲ್ಲಿ ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ನಡೆಯುವುದನ್ನೆಲ್ಲ ಬರೆಯಿರಿ. ಪ್ರತಿ ಕೆಲಸದ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ತಾವೇ ಮಾಡುತ್ತಾರೆ, ಅರ್ಧ ನಾವು ಮಾಡುತ್ತೇವೆ, ಪೂರ್ತಿ ನಾವೇ ಮಾಡುತ್ತೇವೆ. ರೋಗ ಬರುವ ಮೊದಲು ಅದೇ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನೂ ಸೇರಿಸಿ.

ಮನೆಯ ಅಳತೆ ಬಹಳ ಮುಖ್ಯ. ಮಂಚದ ಎತ್ತರ, ಹೊಸ್ತಿಲ ಎತ್ತರ, ಬಚ್ಚಲು ಮತ್ತು ಶೌಚಾಲಯದ ಬಾಗಿಲಿನ ಅಗಲ, ಮೆಟ್ಟಿಲುಗಳ ಸಂಖ್ಯೆ ಬರೆದುಕೊಳ್ಳಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಶೌಚಾಲಯವನ್ನು ಫೋಟೊ ತೆಗೆಯಲು ನಾಚಿಕೆ ಬೇಡ; ಥೆರಪಿಸ್ಟ್ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುವ ಫೋಟೊ ಅದೇ. ದಿನವೂ ಬಳಸುವ ವಸ್ತುಗಳನ್ನು ಚೀಲಕ್ಕೆ ಹಾಕಿಕೊಳ್ಳಿ: ಪಂಚೆ ಅಥವಾ ಸೀರೆ, ಗುಂಡಿಯ ಅಂಗಿ, ಚಪ್ಪಲಿ, ಊಟದ ತಟ್ಟೆ, ತಂಬಿಗೆ. ಅಲ್ಲಿನ ಪ್ಲಾಸ್ಟಿಕ್ ಮಗ್ಗಿನಲ್ಲಿ ಅಭ್ಯಾಸ ಮಾಡಿ ಮನೆಯಲ್ಲಿ ಹಿತ್ತಾಳೆ ತಂಬಿಗೆ ಹಿಡಿಯುವವರನ್ನು ನಾನು ಕಂಡಿದ್ದೇನೆ.

ಸಣ್ಣದೆಂದು ತೋರುವುದನ್ನೂ ಬರೆಯಿರಿ. ಮಾವನಿಗೆ ಊಟ ಬಡಿಸುತ್ತಿದ್ದವಳು ಅವರ ಸೊಸೆ. ತಟ್ಟೆಯ ಎಡಗಡೆ ಬಡಿಸಿದ ಪಲ್ಯ ದಿನವೂ ಹಾಗೆಯೇ ಉಳಿಯುತ್ತದೆ ಎಂದು ಅವಳು ಹೇಳಿದಳು. ಪಲ್ಯ ರುಚಿಸುತ್ತಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಥೆರಪಿಸ್ಟ್ ಆ ಮಾತು ಕೇಳಿ ಪೆನ್ನು ಕೆಳಗಿಟ್ಟರು. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಲ್ಲಿ ಕಣ್ಣು ಸರಿಯಿದ್ದರೂ ಎಡಗಡೆಯ ಜಗತ್ತು ಗಮನಕ್ಕೇ ಬರುವುದಿಲ್ಲವಂತೆ. ಪಲ್ಯದಲ್ಲಿ ದೋಷವಿರಲಿಲ್ಲ, ಮಾವನ ಪಾಲಿಗೆ ತಟ್ಟೆಯ ಆ ಅರ್ಧವೇ ಇರಲಿಲ್ಲ. ಅಷ್ಟು ದಿನ ಯಾರೂ ಸೊಸೆಯನ್ನು ಏನನ್ನೂ ಕೇಳಿರಲಿಲ್ಲ.

ಹೆಜ್ಜೆ 2: ಹತ್ತು ನಿಮಿಷ ನೀವು ಹೊರಗೆ ಕುಳಿತುಕೊಳ್ಳಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಥೆರಪಿಸ್ಟ್ ‘ನಿಮಗೆ ಏನು ಮಾಡಬೇಕೆಂದು ಆಸೆ?’ ಎಂದು ಕೇಳಿದ ತಕ್ಷಣ ಉತ್ತರ ಕೊಟ್ಟವರು ನಾವು. ಮಾವ ಹಳೇ ದಾವಣಗೆರೆಯಲ್ಲಿ ಚಿಕ್ಕ ಬೆಣ್ಣೆ ದೋಸೆ ಹೋಟೆಲ್ ನಡೆಸಿದವರು. ಅವರು ಮತ್ತೆ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯಬೇಕು ಎಂದು ಮಗ ಹೇಳಿದ. ಮೊದಲಿನಂತೆ ಕುಂದುವಾಡ ಕೆರೆಯ ದಂಡೆಯಲ್ಲಿ ವಾಕಿಂಗ್ ಹೋಗುವಂತಾಗಬೇಕು ಎಂದು ನಾನು ಸೇರಿಸಿದೆ. ಮಾವ ಸುಮ್ಮನಿದ್ದರು. ಥೆರಪಿಸ್ಟ್ ನಮ್ಮನ್ನೆಲ್ಲ ನೋಡಿ, ‘ನೀವು ಕೆಳಗೆ ಹೋಗಿ ಟೀ ಕುಡಿದು ಬನ್ನಿ’ ಎಂದರು. ನನಗೆ ಸ್ವಲ್ಪ ಅವಮಾನವೇ ಆಯಿತು.

ವಾಪಸು ಬಂದಾಗ ಹಾಳೆಯಲ್ಲಿ ಎರಡು ಸಾಲುಗಳಿದ್ದವು. ಮಾವನ ಅನುಮತಿ ಪಡೆದು ಅವರು ಅದನ್ನು ನಮಗೆ ಓದಿ ಹೇಳಿದರು. ಮೊದಲನೆಯದು, ಶೌಚದ ನಂತರ ತಾನೇ ತೊಳೆದುಕೊಳ್ಳಬೇಕು. ಎರಡನೆಯದು, ಪಂಚೆ ಸೊಂಟದಲ್ಲಿ ನಿಲ್ಲಬೇಕು. ದೋಸೆಯ ಬಗ್ಗೆ ಅವರು ಹೇಳಿದ್ದು: ‘ನಲವತ್ತು ವರ್ಷ ಕಾವಲಿಯ ಮುಂದೆ ಬೆಂದಿದ್ದೇನೆ, ಸಾಕು.’

ಯೋಚಿಸಿ ನೋಡಿ. ನಮ್ಮಲ್ಲಿ ಬಲಗೈ ತಂಬಿಗೆ ಹಿಡಿಯುತ್ತದೆ, ಎಡಗೈ ತೊಳೆಯುತ್ತದೆ. ಬಿದ್ದಿದ್ದು ಎಡಗೈ. ಉಣ್ಣುವ ಕೈಯಿಂದ ಆ ಕೆಲಸ ಮಾಡಲು ಅವರ ಮನಸ್ಸು ಒಪ್ಪಲಿಲ್ಲ, ಹಾಗಾಗಿ ದಿನವೂ ಮಗ ತೊಳೆಯುತ್ತಿದ್ದ. ಮಗ ಊರಲ್ಲಿಲ್ಲದ ದಿನ ಮಾವ ಬೇಕೆಂದೇ ಊಟ ಬಿಡುತ್ತಿದ್ದರು. ಹಸಿವಿಲ್ಲ ಎನ್ನುತ್ತಿದ್ದರು, ನಾವು ಜೀರ್ಣದ ಔಷಧ ತರುತ್ತಿದ್ದೆವು. ಸೊಸೆಯ ಎದುರಿಗೆ, ಅಳಿಯನ ಎದುರಿಗೆ ಈ ಮಾತನ್ನು ಯಾವ ಹಿರಿಯರು ಆಡುತ್ತಾರೆ? ಹೆಂಗಸರ ವಿಷಯದಲ್ಲಿ ಇನ್ನೂ ಬಿಗಿ: ಮುಟ್ಟಿನ ದಿನಗಳ ತೊಂದರೆ, ಕುಪ್ಪಸದ ಹುಕ್ಕು, ಜಡೆ ಹಾಕಿಕೊಳ್ಳುವುದು. ಗಂಡ ಪಕ್ಕದಲ್ಲಿ ಕುಳಿತಿದ್ದರೆ ‘ಅಡುಗೆ ಮಾಡುವಂತಾದರೆ ಸಾಕು’ ಎಂದುಬಿಡುತ್ತಾರೆ.

ಆದ್ದರಿಂದ ಥೆರಪಿಸ್ಟ್ ಕೇಳದಿದ್ದರೂ ನೀವೇ ಹೇಳಿ: ‘ಅವರ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಮಾತನಾಡಿ.’ ಮಾತು ಬಾರದ ರೋಗಿಯಾದರೆ ಚಿತ್ರಗಳನ್ನು ತೋರಿಸಿ ಆರಿಸಲು ಹೇಳುವ ಕ್ರಮವಿದೆ. ಮಗುವಾದರೆ ಮಗುವನ್ನೂ ಕೇಳಬೇಕು. ನೀಟಾಗಿ ಬರೆಯಬೇಕು ಎನ್ನುವುದು ಅಮ್ಮನ ಆಸೆ; ಗೆಳೆಯರ ಜೊತೆ ಗೋಲಿ ಆಡಬೇಕು ಎನ್ನುವುದು ಮಗನ ಆಸೆ. ಗೋಲಿಯಿಂದಲೇ ಬೆರಳು ಪಳಗಬಹುದು.

ಹೆಜ್ಜೆ 3: ಅಂಕ ಕೊಡುವವರು ರೋಗಿ

ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್ ಎಂಬ ಒಂದು ಕ್ರಮವಿದೆ, 1991ರಲ್ಲಿ ಪ್ರಕಟವಾದದ್ದು. ರೋಗಿ ತನಗೆ ಕಷ್ಟವಾದ ಕೆಲಸಗಳನ್ನು ಹೇಳಿ, ಅವು ಎಷ್ಟು ಮುಖ್ಯ ಎಂದು ತೂಗಿ, ಹೆಚ್ಚೆಂದರೆ ಐದನ್ನು ಆರಿಸಿಕೊಳ್ಳುತ್ತಾನೆ. ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಲ್ಲಿ ಎಷ್ಟು ತೃಪ್ತಿ ಇದೆ ಎಂದು ಒಂದರಿಂದ ಹತ್ತರ ಒಳಗೆ ಅಂಕ ಕೊಡುತ್ತಾನೆ. ಕೆಲವು ವಾರ ಕಳೆದ ಮೇಲೆ ಮತ್ತೆ ಅಂಕ. ಎರಡು ಅಂಕ ಏರಿದರೆ ನಿಜವಾದ ಬದಲಾವಣೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಯೇ ಮೌಲ್ಯಮಾಪನ ಮಾಡಿದಂತೆ ಇದು, ಆದರೆ ಆ ಪಂಚೆ ಉಟ್ಟು ಬೀದಿಗೆ ಹೋಗುವವರು ಅವರೇ ತಾನೆ.

ಹತ್ತಕ್ಕೆ ಎಷ್ಟು ಎಂದರೆ ಮಾವನಿಗೆ ತಲೆಗೆ ಹೋಗಲಿಲ್ಲ. ‘ರೂಪಾಯಿಗೆ ಎಷ್ಟು ಆಣೆ ಎಂದು ಹೇಳಿ ಅಜ್ಜಾರೇ’ ಎಂದರು ಥೆರಪಿಸ್ಟ್. ತೊಳೆದುಕೊಳ್ಳುವುದಕ್ಕೆ ಎರಡಾಣೆ, ಪಂಚೆಗೆ ನಾಲ್ಕಾಣೆ ಎಂದು ತಕ್ಷಣ ಬಂತು. ಹದಿನಾರರ ಲೆಕ್ಕವನ್ನು ಹತ್ತಕ್ಕೆ ತಿರುಗಿಸಿಕೊಳ್ಳುವುದು ಅವರ ಕೆಲಸ, ಮಾಡಿಕೊಂಡರು.

ಗುರಿಯನ್ನು ಬರೆಸಿಕೊಳ್ಳುವಾಗ ‘ಕೈ ಸುಧಾರಿಸಬೇಕು’ ಎಂಬಂಥ ಮಾತಿಗೆ ಒಪ್ಪಬೇಡಿ. ಯಾವ ಕೆಲಸ, ಎಲ್ಲಿ ಕುಳಿತು ಅಥವಾ ನಿಂತು, ಯಾರ ಎಷ್ಟು ನೆರವಿನಿಂದ, ಎಷ್ಟು ವಾರದೊಳಗೆ, ಈ ನಾಲ್ಕೂ ಇರಲಿ. ನಮ್ಮದು ಹೀಗಿತ್ತು: ‘ಆರು ವಾರಗಳಲ್ಲಿ, ಮಂಚದ ಅಂಚಿನಲ್ಲಿ ಕುಳಿತು, ಮಗ ಪಕ್ಕದಲ್ಲಿ ನಿಂತಿರುವಾಗ, ಲುಂಗಿಯನ್ನು ತಾನೇ ಏರಿಸಿ ಬಿಗಿಯುವುದು.’

ಹೆಜ್ಜೆ 4: ‘ಆಯ್ತು ಮೇಡಂ’ ಎಂಬ ಕಾಯಿಲೆ

ಬಿಳಿ ಕೋಟಿನ ಎದುರು ನಮ್ಮ ಕತ್ತು ತಾನಾಗಿಯೇ ಆಡುತ್ತದೆ. ದಿನಕ್ಕೆ ಮೂರು ಸಲ ಅರ್ಧ ಗಂಟೆ ಅಭ್ಯಾಸ ಮಾಡಿಸಿ ಎಂದಾಗ ಸೊಸೆ ‘ಆಯ್ತು ಮೇಡಂ’ ಎಂದಳು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೋಟೆಲಿನ ಚಟ್ನಿ ರುಬ್ಬುವವಳು ಅವಳು. ಎರಡು ಸಲ ಹೋದಾಗಲೂ ಮಾಡಿಸಿದ್ದೇವೆ ಎಂದು ಸುಳ್ಳು ಹೇಳಿದಳು. ಮೂರನೆಯ ಸಲ ಅಳು ಬಂತು, ಸತ್ಯವೂ ಬಂತು. ಥೆರಪಿಸ್ಟ್ ಸಿಟ್ಟಾಗಲಿಲ್ಲ. ಹಾಳೆಯನ್ನು ಹೊಡೆದುಹಾಕಿ, ‘ನಿಮ್ಮ ಮನೆಯಲ್ಲಿ ಹೇಗೂ ನಡೆಯುವ ಕೆಲಸಗಳು ಯಾವುವು?’ ಎಂದು ಕೇಳಿದರು. ಕಾಫಿ ಕುಡಿಯುವಾಗ ಎಡಮೊಣಕೈ ಮೇಜಿನ ಮೇಲಿರಲಿ. ಊಟದಲ್ಲಿ ತಟ್ಟೆ ಜಾರದಂತೆ ಅದರ ಅಂಚಿನ ಮೇಲೆ ಎಡಗೈ ಭಾರ ಬೀಳಲಿ, ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಇರಲಿ, ಬಲಗೈ ರೊಟ್ಟಿ ಮುರಿಯಲಿ. ಸ್ನಾನದಲ್ಲಿ ಎಡಗೈಗೆ ಸೋಪು ಹಚ್ಚುವವರು ಮಾವನೇ ಆಗಲಿ. ಹೆಚ್ಚುವರಿ ಸಮಯ ಬೇಕಾಗಲೇ ಇಲ್ಲ.

ಹೇಳಲು ಸಂಕೋಚವಾದರೆ ಈ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ‘ಇದು ನಮ್ಮ ಮನೆಯಲ್ಲಿ ಆಗುವುದಿಲ್ಲ, ಬೇರೆ ದಾರಿ ಇದೆಯೇ?’ ‘ಇದನ್ನು ಮಾಡುವುದರಿಂದ ಅವರ ಯಾವ ಕೆಲಸ ಸುಲಭವಾಗುತ್ತದೆ?’ ‘ನಾನು ಮಾಡಿ ತೋರಿಸುತ್ತೇನೆ, ತಪ್ಪಿದ್ದರೆ ತಿದ್ದಿ.’ ಕೊನೆಯದನ್ನು ಪ್ರತಿ ಸಲವೂ ಹೇಳಬೇಕು. ಕಣ್ಣಿನಲ್ಲಿ ಕಂಡಿದ್ದು ಮನೆ ಸೇರುವಷ್ಟರಲ್ಲಿ ಮರೆತಿರುತ್ತದೆ.

ರೋಗಿಗೂ ಬೇಡ ಎನ್ನುವ ಹಕ್ಕಿದೆ. ಅಂಟುಪಟ್ಟಿಯ (ವೆಲ್ಕ್ರೊ) ಸಿದ್ಧ ಪಂಚೆಗಳು ಅಂಗಡಿಯಲ್ಲಿ ಸಿಗುತ್ತವೆ, ತಂದೆವು. ‘ಇದು ಪಂಚೆಯಲ್ಲ, ಕಿಟಕಿಯ ಪರದೆ’ ಎಂದು ಮಾವ ಮುಟ್ಟಲಿಲ್ಲ. ಮಾತುಕತೆ ಎರಡು ಭೇಟಿ ನಡೆಯಿತು. ಕೊನೆಗೆ ಹೋಟೆಲಿನಲ್ಲಿದ್ದಾಗ ಅವರು ಲುಂಗಿಯ ಮೇಲೆ ಕಟ್ಟುತ್ತಿದ್ದ, ದುಡ್ಡಿನ ಜೇಬಿರುವ ಅಗಲ ಬೆಲ್ಟ್ ನೆನಪಾಯಿತು. ಚಪ್ಪಲಿ ಹೊಲಿಯುವವರ ಬಳಿ ಆ ಬೆಲ್ಟಿನ ಬಕಲ್ ತೆಗೆಸಿ ಅಂಟುಪಟ್ಟಿ ಹಾಕಿಸಿದೆವು. ಕೆಳಗೆ ಸುತ್ತು ಹೊಲಿದ ಲುಂಗಿ. ಒಂದೇ ಕೈಯಲ್ಲಿ ಆಯಿತು, ಮರ್ಯಾದೆಯೂ ಉಳಿಯಿತು. ಅಂಟುಪಟ್ಟಿಯ ಉಪಾಯ ಥೆರಪಿಸ್ಟರದು, ಬೆಲ್ಟ್ ಮಾವನದು, ಒಬ್ಬರಿಂದಲೇ ಆಗುವಂಥದ್ದಾಗಿರಲಿಲ್ಲ.

ಶೌಚಾಲಯದ ಕಥೆ ಇನ್ನೂ ಉದ್ದ. ನೆಲಮಟ್ಟದ ಕಮೋಡಿನ ಮೇಲೆ ಕುರ್ಚಿ, ಬಲಗಡೆ ಗೋಡೆಗೆ ಹಿಡಿಕೆ, ಬಲಗೈಗೆ ಸಿಗುವಂತೆ ನೀರು ಚಿಮ್ಮುವ ಪೈಪು ಎಂದು ತೀರ್ಮಾನವಾಯಿತು. ಎಲ್ಲ ಹಾಕಿಸಿದ ಮೇಲೆ ನೋಡಿದರೆ ನೀರು ಚಿಮ್ಮುವುದಿರಲಿ, ತೊಟ್ಟಿಕ್ಕುತ್ತಿತ್ತು. ನಮ್ಮ ಟ್ಯಾಂಕು ಶೌಚಾಲಯದ ತಾರಸಿಯ ಮೇಲೆ, ತಲೆಗಿಂತ ಸ್ವಲ್ಪವೇ ಎತ್ತರದಲ್ಲಿತ್ತು. ಇದನ್ನು ಥೆರಪಿಸ್ಟ್ ಹೇಗೆ ಊಹಿಸಬೇಕು? ಆ ವಾರ ನಮಗೆ ಬೇಕಾಗಿದ್ದ ತಜ್ಞ ಪ್ಲಂಬರ್. ಅವನು ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೇರಿಸಿದ.

ಹೆಜ್ಜೆ 5: ಪ್ರೀತಿಯಿಂದ ಕೈ ಕಟ್ಟಿ ನಿಲ್ಲುವುದು

ತುತ್ತು ಕಲಸಿ ಬಾಯಿಗಿಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಥೆರಪಿಯಲ್ಲಿ ಅದೇ ಅಡ್ಡಿ. ನೆರವಿಗೆ ಮೆಟ್ಟಿಲುಗಳಿವೆ: ಮೊದಲು ಕಾಯಿರಿ, ಆಗದಿದ್ದರೆ ಬಾಯಲ್ಲಿ ಹೇಳಿ, ಆಮೇಲೆ ಕೈಯಿಂದ ತೋರಿಸಿ, ಆಮೇಲೆ ಮೊಣಕೈಗೆ ತುಸು ಆಸರೆ ಕೊಡಿ, ನೀವೇ ಮಾಡಿಕೊಡುವುದು ಕೊನೆಯ ಮೆಟ್ಟಿಲು. ಮಾವ ಅಂಗಿ ಹಾಕಿಕೊಳ್ಳಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ನೋಡುತ್ತ ನಿಲ್ಲುವುದು ಎಷ್ಟು ಕಷ್ಟವೆಂದರೆ ಮಗ ಆ ಹೊತ್ತಿಗೆ ಬಾಗಿಲಾಚೆ ಹೋಗಿ ಪತ್ರಿಕೆ ಓದುತ್ತಿದ್ದ.

ಕೆಲವನ್ನು ಮಾತ್ರ ಪಟ್ಟಾಗಿ ಹಿಡಿಯಿರಿ. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಎಬ್ಬಿಸುವಾಗ ಸೋತ ತೋಳನ್ನು ಹಿಡಿದು ಎಳೆಯಲೇಬೇಡಿ, ಭುಜದ ಕೀಲು ಸಡಿಲವಾಗಿರುತ್ತದೆ. ಸ್ಪರ್ಶ ತಿಳಿಯದ ಕೈಯಿಂದ ಬಿಸಿನೀರು ನೋಡಬಾರದು. ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್ ಕೊಟ್ಟಿದ್ದರೆ ತೆಗೆದ ಮೇಲೆ ಚರ್ಮ ನೋಡಿ, ಕೆಂಪು ಗುರುತು ಬೇಗ ಮಾಯವಾಗದಿದ್ದರೆ ಥೆರಪಿಸ್ಟರಿಗೆ ತಿಳಿಸಿ. ನೀರು ಕುಡಿಯುವಾಗ ಪದೇಪದೇ ಕೆಮ್ಮು ಬಂದರೆ ಕುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ಹೇಳಿ.

ಹೆಜ್ಜೆ 6: ಎಲ್ಲರಿಗೂ ಒಂದೇ ನೋಟ್‌ಬುಕ್

ವೈದ್ಯರು ಒಂದು ಹೇಳುತ್ತಾರೆ, ಫಿಸಿಯೊ ಇನ್ನೊಂದು, ಆಕ್ಯುಪೇಷನಲ್ ಥೆರಪಿಸ್ಟ್ ಮತ್ತೊಂದು. ಊರಿಂದ ಬಂದ ದೊಡ್ಡಮ್ಮ ಎಣ್ಣೆ ತಿಕ್ಕಲು ಹೇಳುತ್ತಾರೆ. ನೂರು ಪುಟದ ಒಂದು ನೋಟ್‌ಬುಕ್ ಇಟ್ಟು, ಎಲ್ಲ ಕಡೆಗೂ ಅದನ್ನೇ ಒಯ್ಯಿರಿ. ಯಾರು ಏನು ಹೇಳಿದರು, ಮನೆಯಲ್ಲಿ ಏನಾಯಿತು ಎಂದು ಎರಡೇ ಸಾಲು. ಸಲಹೆಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ನೀವು ತೀರ್ಪು ಕೊಡಬೇಡಿ, ಆ ಪುಟವನ್ನು ಅವರ ಮುಂದೆ ಇಡಿ.

ಹೆಜ್ಜೆ 7: ದಾವಣಗೆರೆಯಲ್ಲಿ ಎಲ್ಲಿ ವಿಚಾರಿಸಬೇಕು

ಅಂಗವಿಕಲರ ಪುನರ್ವಸತಿಗೆಂದು ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಸಿಆರ್‌ಸಿ ಎಂದರೆ ತಿಳಿಯುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ. ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಾಣಿರಿ. ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ) ಅರ್ಜಿ, ಸಾಧನ ಸಲಕರಣೆಗಳ ಯೋಜನೆಗಳು ಅವರಿಗೆ ಗೊತ್ತಿರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬರಲಾಗದಿದ್ದರೆ ಅದನ್ನೂ ಮೊದಲ ದಿನವೇ ಹೇಳಿ. ತಿಂಗಳಿಗೊಮ್ಮೆ ಬಂದು, ನಡುವೆ ವಿಡಿಯೊ ಕಳಿಸುವ ಏರ್ಪಾಡು ಸಾಧ್ಯವೇ ಎಂದು ಕೇಳಿ.

ಹೆಜ್ಜೆ 8: ಮತ್ತೆ ಅಂಕ, ಮತ್ತೆ ಪಟ್ಟಿ

ಪಾರ್ಶ್ವವಾಯುವಿನ ನಂತರ ಮೊದಲ ಕೆಲವು ತಿಂಗಳು ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ನಿಂತೇ ಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ, ಪೂರ್ತಿ ಮೊದಲಿನಂತಾಗುತ್ತದೆ ಎಂದರೂ ನಂಬಬೇಡಿ. ಮಾವನ ಎಡಗೈ ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಎರಡನೆಯ ಸಲ ಅಂಕ ಕೇಳಿದಾಗ ತೊಳೆದುಕೊಳ್ಳುವುದಕ್ಕೆ ಹನ್ನೆರಡಾಣೆ ಕೊಟ್ಟರು, ಬೆಲ್ಟಿಗೆ ಎಂಟಾಣೆ.

ಹಳೆಯ ಪಟ್ಟಿ ಮುಗಿದ ಮೇಲೆ ಹೊಸದನ್ನು ಕೇಳಬೇಕು. ಹೊಸ ಪಟ್ಟಿಯ ಮೊದಲ ಸಾಲು, ಗಲ್ಲಾದಲ್ಲಿ ಕೂರಬೇಕು. ಚಿಲ್ಲರೆ ಎಣಿಸುವ ಅಭ್ಯಾಸ ಶುರುವಾಯಿತು, ಮನೆಯ ಡಬ್ಬಿಯ ನಾಣ್ಯಗಳೆಲ್ಲ ಹೊರಬಂದವು. ಒಂದು ವಾರ ಗಲ್ಲಾದಲ್ಲಿ ಕೂತು ಬಂದು ಮಾವ ದೂರಿದರು: ‘ಯಾರೂ ಚಿಲ್ಲರೆ ಕೊಡುವುದೇ ಇಲ್ಲ ಮೇಡಂ, ಎಲ್ಲ ಫೋನಿನಲ್ಲೇ ಹಾಕುತ್ತಾರೆ. ಆ ಡಬ್ಬಿಯೇ ಎಷ್ಟು ಬಂತೆಂದು ಕೂಗಿ ಹೇಳುತ್ತದೆ.’

‘ಹಾಗಾದರೆ ಅಲ್ಲಿ ಕೂತು ಏನು ಮಾಡುತ್ತೀರಿ ಅಜ್ಜಾರೇ?’

‘ತಿಂದು ದುಡ್ಡು ಕೊಡದೆ ಯಾರು ಹೋಗುತ್ತಾರೆ ಎಂದು ನೋಡುತ್ತೇನೆ.’

ಬಾಗಿಲು ಯಾವ ಕಡೆ ಇದೆ ಎಂದು ಥೆರಪಿಸ್ಟ್ ಕೇಳಿದರು. ಬಲಗಡೆ ಎಂದೆವು. ಅದೇ ದಿನ ಸಂಜೆ ಗಲ್ಲಾದ ಮೇಜನ್ನು ಎದುರಿನ ಗೋಡೆಗೆ ಸರಿಸಿ, ಬಾಗಿಲು ಮಾವನ ಎಡಕ್ಕೆ ಬೀಳುವಂತೆ ಕುರ್ಚಿ ಹಾಕಿದೆವು. ಈಗ ಒಬ್ಬ ಗಿರಾಕಿ ಎದ್ದರೆ ಮಾವನ ಕತ್ತು ಒಂದು ಸಲ ಪೂರ್ತಿ ಎಡಕ್ಕೆ ತಿರುಗುತ್ತದೆ. ಭಾನುವಾರ ಬೆಳಿಗ್ಗೆ ಎಷ್ಟು ಸಲ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಸೊಸೆಯದು. ಅರವತ್ತರವರೆಗೆ ಎಣಿಸಿ ಬಿಟ್ಟಳಂತೆ, ದೋಸೆ ಸೀಯುತ್ತಿತ್ತು.